ಹೆಗಲಿಗೊಂದು ಜೋಳಿಗೆ

ಬೆನ್ನಿಗೆ ಏರಿಸುವುದು, ಹೆಗಲಿಗೆ ಅಡ್ಡ ಹಾಕುವುದು, ಕೈಯಲ್ಲಿ ಹಿಡಿಯುವುದು, ಸೊಂಟಕ್ಕೆ ಬಿಗಿಯುವುದು – ಅಂಗಡಿಯಲ್ಲಿ ಎಲ್ಲವೂ ಬ್ಯಾಗೇ. ಬಿಡಿಸಿ ಹೇಳಬೇಕಾದರೆ ಸ್ಲಿಂಗ್ ಬ್ಯಾಗ್, ಮೆಸೆಂಜರ್ ಬ್ಯಾಗ್ ಎನ್ನುತ್ತೇವೆ. ವಾರವಿಡೀ ಬಸ್ಸು, ಮೆಟ್ರೊ, ಕಚೇರಿ. ಭಾನುವಾರ ಸಾವನದುರ್ಗವೋ ನಂದಿಬೆಟ್ಟವೋ. ಎರಡಕ್ಕೂ ಒಗ್ಗುವ ಒಂದೇ ಗಟ್ಟಿ ಹೆಗಲಚೀಲಕ್ಕಾಗಿ ಹುಡುಕುವವರು ಈಗ ಬಹಳ ಮಂದಿ. ಅವರಿಗೆ ಬೇಕಾದ ವಸ್ತುವಿಗೆ ಕನ್ನಡದಲ್ಲಿ ಹೆಸರು ಇದೆ: ಜೋಳಿಗೆ. ಆ ಪದವನ್ನು ಒಂದಿಷ್ಟು ಹಿಂಬಾಲಿಸಿ ಹೋದರೆ ಚೀಲ ಆರಿಸುವ ಕೆಲಸವೂ ಹಗುರವಾಗುತ್ತದೆ ಎಂಬುದು ನನ್ನ ನಂಬಿಕೆ.

ಚೀಲಕ್ಕೆ ಹೆಸರಿಡುವಾಗ ನಮ್ಮ ಹಿರಿಯರು ಎರಡು ಸಂಗತಿ ಗಮನಿಸುತ್ತಿದ್ದರು: ಒಳಗೆ ಏನು ಹೋಗುತ್ತದೆ, ಮೈಮೇಲೆ ಎಲ್ಲಿ ಕೂರುತ್ತದೆ. ಎಲೆ ಅಡಿಕೆಗೆ ಸಂಚಿ. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು. ಸಾಹಿತ್ಯ ಚರಿತ್ರೆಯಲ್ಲಿ ಇಂದಿಗೂ ಅವಳು ಸಂಚಿ ಹೊನ್ನಮ್ಮ. ಅದೇ ತಾಂಬೂಲದ ಚೀಲಕ್ಕೆ ಹಡಪ ಎಂಬ ಹೆಸರೂ ಇತ್ತು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಹಡಪ ಹಿಡಿದ ಅಪ್ಪಣ್ಣ ಹಡಪದ ಅಪ್ಪಣ್ಣನಾದ. ಕ್ಷೌರಿಕರ ಸಲಕರಣೆಯ ಚೀಲವನ್ನೂ ಹಡಪವೆಂದೇ ಕರೆದರು. ಉತ್ತರ ಕರ್ನಾಟಕದ ಶಾಲೆಯ ಮಕ್ಕಳ ಹೆಗಲಿನಲ್ಲಿದ್ದದ್ದು ಪಾಟಿಚೀಲ. ಪಾಟಿ ಹೋಗಿ ನೋಟ್‌ಬುಕ್ಕು ಬಂದ ಮೇಲೂ ಹೆಸರು ಉಳಿಯಿತು. ಬಗಲಚೀಲವೆಂದರೆ ಮೈಯ ಜಾಗವೇ ಹೆಸರಾಯಿತು.

ಇವುಗಳ ನಡುವೆ ನನಗೆ ಬಹಳ ಪ್ರೀತಿಯದು ಹಸಿಬೆ. ಉದ್ದನೆಯ ಚೀಲ, ನಡುವೆ ಬಾಯಿ, ಎರಡು ತುದಿಗೂ ಹೊಟ್ಟೆ. ಹೆಗಲ ಮೇಲೆ ಇಳಿಬಿಟ್ಟರೆ ಅರ್ಧ ಭಾರ ಎದೆಯ ಕಡೆ, ಅರ್ಧ ಭಾರ ಬೆನ್ನಿನ ಕಡೆ. ಸಂತೆಗೆ ನಡೆದು ಹೋಗುತ್ತಿದ್ದ ರೈತನೂ ವ್ಯಾಪಾರಿಯೂ ಹೀಗೆ ತೂಕ ಹಂಚಿಕೊಂಡು ನಡೆದರು. ಒಂದೇ ಪಟ್ಟಿಯ ಚೀಲಕ್ಕಿರುವ ದೊಡ್ಡ ತೊಡಕು ಒಂದು ಕಡೆಗೆ ಎಳೆಯುವುದು. ಅದಕ್ಕೆ ಪರಿಹಾರ ಆ ಬಟ್ಟೆಯ ಚೀಲದಲ್ಲೇ ಇತ್ತು.

ಜೋಳಿಗೆ ಎಂಬ ಪದ ಒಳಗಿನ ವಸ್ತುವನ್ನು ಹೇಳುವುದಿಲ್ಲ, ಮೈಯ ಜಾಗವನ್ನೂ ಹೇಳುವುದಿಲ್ಲ. ಮರಾಠಿಯ ಝೋಳಿ, ಹಿಂದಿಯ ಝೋಲಿ, ಝೋಲಾ ಅದರ ನೆಂಟರು. ಕನ್ನಡದ ಕಿವಿಗೆ ಜೋಲು, ಜೋಲಿ, ಜೋತುಬೀಳು ಎಂಬ ಮಾತುಗಳೂ ಪಕ್ಕದಲ್ಲೇ ಕೇಳಿಸುತ್ತವೆ. ತೂಗುವುದೇ ಅದರ ಗುಣ. ತೂಗಬೇಕಾದರೆ ಹೊತ್ತವರು ನಡೆಯುತ್ತಿರಬೇಕು. ಹಾಗಾಗಿ ಈ ಪದದ ಬಾಳೆಲ್ಲ ನಡೆಯುವವರ ಸಂಗದಲ್ಲೇ ಕಳೆಯಿತು. ಮನೆಯಿಂದ ಮನೆಗೆ ಭಿಕ್ಷೆಗೆ ಹೋಗುವ ಜಂಗಮರ ಹೆಗಲಲ್ಲಿ ಜೋಳಿಗೆ. ಮಲೆ ಮಹದೇಶ್ವರನ ದೇವರಗುಡ್ಡರು ಕಂಸಾಳೆ ಹಿಡಿದು, ಹೆಗಲಿಗೆ ಜೋಳಿಗೆ ಹಾಕಿ ಊರೂರು ಸುತ್ತಿ ಮಾದಪ್ಪನ ಕಥೆ ಹಾಡಿದರು. ಆ ದೇವರು ನೆಲೆಸಿರುವುದು ಎಪ್ಪತ್ತೇಳು ಮಲೆಗಳ ನಡುವೆ. ತಾಳಬೆಟ್ಟದಿಂದ ಕಾಡುದಾರಿ ಏರಿ ಹೋಗುವ ಭಕ್ತರು ಇಂದಿಗೂ ಇದ್ದಾರೆ. ಚಾರಣ ಎಂಬ ಪದ ಪತ್ರಿಕೆಗಳಲ್ಲಿ ಚಾಲ್ತಿಗೆ ಬರುವ ಎಷ್ಟೋ ಕಾಲ ಮೊದಲೇ ಕನ್ನಡದ ಬೆಟ್ಟಗಳನ್ನು ಜೋಳಿಗೆಯವರು ಹತ್ತಿ ಇಳಿದಿದ್ದರು.

ಬೇಡುವ ಕೆಲಸಕ್ಕೆ ಅಂಟಿಕೊಂಡದ್ದರಿಂದ ಪದಕ್ಕೆ ಸ್ವಲ್ಪ ನೋವೂ ಆಯಿತು. ‘ಜೋಳಿಗೆ ಹಿಡಿಯುವ ಗತಿ ಬಂತು’ ಎಂದರೆ ಮನೆ ಮುಳುಗಿತೆಂದೇ ಅರ್ಥ. ಆದರೆ ಅದೇ ಪದವನ್ನು ಎತ್ತಿ ನಿಲ್ಲಿಸಿದವರೂ ಇದ್ದಾರೆ. ಇಳಕಲ್ಲ–ಚಿತ್ತರಗಿ ಮಠದ ಮಹಾಂತ ಸ್ವಾಮೀಜಿ ಜನರ ಮುಂದೆ ಜೋಳಿಗೆ ಒಡ್ಡಿ ಕಾಳು ಕೇಳಲಿಲ್ಲ, ಕಾಸು ಕೇಳಲಿಲ್ಲ. ಕುಡಿತವನ್ನೂ ತಂಬಾಕನ್ನೂ ಕೇಳಿದರು. ಆ ಮಹಾಂತ ಜೋಳಿಗೆಗೆ ಚಟವನ್ನು ಹಾಕಿ ಮನೆಗೆ ಮರಳಿದವರು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅನೇಕರು. ಸ್ವಾಮೀಜಿ ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ನೆರೆ ಬಂದಾಗ, ಶಾಲೆ ಕಟ್ಟುವಾಗ ‘ಜೋಳಿಗೆ ಹಾಕಿ ಹೊರಟರು’ ಎಂದು ಪತ್ರಿಕೆಗಳು ಬರೆಯುತ್ತವಲ್ಲ, ಅಲ್ಲಿ ಪದಕ್ಕೆ ಯಾವ ಕುಂದೂ ಇಲ್ಲ.

ಇನ್ನೊಂದು ಬಳಕೆಯನ್ನು ಮರೆಯುವಂತಿಲ್ಲ. ಸೀರೆಯನ್ನು ತೊಲೆಗೆ ಕಟ್ಟಿ ಮಗುವನ್ನು ಮಲಗಿಸುವ ಜೋಲಿಯೂ, ಕಂಬಳಿಯನ್ನು ಬಡಿಗೆಗೆ ಬಿಗಿದು ಇಬ್ಬರು ಹೆಗಲ ಮೇಲೆ ಹೊರುವ ಜೋಳಿಗೆಯೂ ಒಂದೇ ಬಳಗ. ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳ ರಸ್ತೆಯಿಲ್ಲದ ಹಳ್ಳಿಗಳಿಂದ ರೋಗಿಗಳನ್ನು ಜೋಳಿಗೆಯಲ್ಲಿ ಹೊತ್ತು ತಂದ ಸುದ್ದಿ ಪ್ರತಿ ಮಳೆಗಾಲದಲ್ಲೂ ಓದುತ್ತೇವೆ. ನಾವು ರಜಾದಿನದ ಖುಷಿಗೆಂದು ನಡೆಯುವ ಹಾದಿಗಳ ಅಕ್ಕಪಕ್ಕದಲ್ಲೇ ಆ ಊರುಗಳಿವೆ. ಬೆಟ್ಟಕ್ಕೆ ಹೊರಟವರಿಗೆ ಇದು ಗೊತ್ತಿರಬೇಕು ಎಂದು ನನಗೆ ಗಾಢವಾಗಿ ಅನ್ನಿಸುತ್ತದೆ.

ನಗರದಲ್ಲಿ ಜೋಳಿಗೆಗೆ ಮತ್ತೊಂದು ಅವತಾರ ಸಿಕ್ಕಿದ್ದು 1970–80ರ ದಶಕದಲ್ಲಿ. ಜುಬ್ಬಾ, ಗಡ್ಡ, ಖಾದಿ ಬಗಲಚೀಲ. ಒಳಗೆ ಕರಪತ್ರ, ಕವಿತೆಯ ಹಸ್ತಪ್ರತಿ. ನವ್ಯ, ಬಂಡಾಯದ ಕಾಲದ ಆ ಚಿತ್ರ ವ್ಯಂಗ್ಯಚಿತ್ರಕಾರರಿಗೂ ಇಷ್ಟವಾಯಿತು. ಆ ಚೀಲ ನಿಜಕ್ಕೂ ಒಳ್ಳೆಯದಾಗಿತ್ತು: ಹಗುರ, ಮಡಚಿದರೆ ಜೇಬಿಗೆ ಹೋಗುವಷ್ಟು, ಒಗೆದರೆ ಮತ್ತೆ ಹೊಸದು. ಮಳೆಯೊಂದನ್ನು ಅದು ತಡೆಯಲಿಲ್ಲ. ಪಟ್ಟಿ ಹಗ್ಗದಂತೆ ಸುರುಟಿ ಹೆಗಲನ್ನು ಕೊಯ್ಯುತ್ತಿತ್ತು.

ಇಂದಿನ ಜೋಳಿಗೆಯನ್ನು ಆರಿಸುವವರು ಆ ಹಳೆಯ ಎರಡು ಪ್ರಶ್ನೆಗಳಿಂದಲೇ ಶುರು ಮಾಡಲಿ. ಒಳಗೆ ಏನು ಹೋಗುತ್ತದೆ? ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಅರ್ಧ ದಿನದ ಬೆಟ್ಟಕ್ಕೆ ಎರಡು ಲೀಟರ್ ನೀರು, ಬುತ್ತಿ, ಮಳೆ ಅಂಗಿ, ಟಾರ್ಚು, ಪವರ್ ಬ್ಯಾಂಕು, ಒಂದೆರಡು ಔಷಧಿ ಸೇರಿದರೆ ಮೂರೂವರೆ ಕಿಲೋ ಮುಟ್ಟುತ್ತದೆ. ಒಂದೇ ಹೆಗಲಿಗೆ ಅದಕ್ಕಿಂತ ಹೆಚ್ಚು ಹೇರಬಾರದು. ಮುಳ್ಳೋಡಿಯಿಂದ ಕುದುರೆಮುಖದ ತುದಿಗೆ ಹೋಗಿ ಬರುವಂಥ ಇಡೀ ದಿನದ ನಡಿಗೆಗೆ, ಕುಮಾರ ಪರ್ವತದ ಕಡಿದಾದ ಏರಿಗೆ ಜೋಳಿಗೆ ಸಲ್ಲದು. ಅಲ್ಲಿ ಎರಡು ಪಟ್ಟಿಯ ಬೆನ್ನುಚೀಲವೇ ಬೇಕು. ಒಂದೇ ಚೀಲ ಎಲ್ಲಕ್ಕೂ ಸಾಕು ಎಂದು ಮಾರುವವರ ಮಾತನ್ನು ನಂಬಬೇಡಿ. ಸಾವನದುರ್ಗ, ಮಧುಗಿರಿ, ಮುಳ್ಳಯ್ಯನಗಿರಿ ಥರದ ಹತ್ತಿಳಿಯುವ ಹಾದಿಗೂ ಊರಿನ ಓಡಾಟಕ್ಕೂ ಹತ್ತು ಲೀಟರ್ ಆಸುಪಾಸಿನ ಚೀಲ ಸರಿ. ಅದಕ್ಕಿಂತ ದೊಡ್ಡದು ಕೊಂಡರೆ ಖಾಲಿ ಜಾಗ ಕಂಡಲ್ಲೆಲ್ಲ ಏನನ್ನಾದರೂ ತುಂಬುತ್ತೇವೆ.

ಮೈಮೇಲೆ ಎಲ್ಲಿ ಕೂರುತ್ತದೆ ಎಂಬುದು ಎರಡನೆಯ ಪ್ರಶ್ನೆ. ಹೆಚ್ಚು ಜನ ಎಡವುವುದು ಇಲ್ಲಿ. ಅಂಗಡಿಯಲ್ಲಿ ಖಾಲಿ ಚೀಲ ಹಾಕಿಕೊಂಡು ಕನ್ನಡಿ ನೋಡಿದರೆ ಏನೂ ತಿಳಿಯದು. ಎರಡು ನೀರಿನ ಬಾಟಲಿ ತುಂಬಿ, ಅಡ್ಡ ಹಾಕಿ, ಶೂ ಲೇಸು ಕಟ್ಟುವವರಂತೆ ಬಗ್ಗಬೇಕು. ಚೀಲ ಬೆನ್ನಿನಿಂದ ಜಾರಿ ಎದೆಯ ಮುಂದೆ ಬಂದು ತೂಗಾಡಿದರೆ ಅದು ಬಂಡೆಯ ಮೇಲೆ ಅಪಾಯ ತರುವ ಚೀಲ. ಸಾವನದುರ್ಗದಂಥ ಬೋಳು ಬಂಡೆಯನ್ನು ಇಳಿಯುವಾಗ ಎರಡೂ ಕೈ ಖಾಲಿ ಇರಬೇಕು, ಭಾರ ಕದಲಬಾರದು. ಅಡ್ಡಪಟ್ಟಿಯಿಂದ ಸೊಂಟಕ್ಕೋ ಪಕ್ಕೆಗೋ ಬಿಗಿಯುವ ಇನ್ನೊಂದು ಸಣ್ಣ ಪಟ್ಟಿ ಇದ್ದರೆ ಈ ತೂಗಾಟ ನಿಲ್ಲುತ್ತದೆ. ಊರಲ್ಲಿ ಬೇಡವಾದಾಗ ಅದನ್ನು ಬಿಚ್ಚಿಡಬಹುದು. ಹೆಗಲ ಪಟ್ಟಿ ನಾಲ್ಕರಿಂದ ಐದು ಸೆಂಟಿಮೀಟರ್ ಅಗಲವಿರಲಿ. ಒಂದು ತಾಸಿಗೊಮ್ಮೆ ಹೆಗಲು ಬದಲಿಸಿಕೊಳ್ಳಿ. ಕೆಲವು ಚೀಲಗಳನ್ನು ಒಂದೇ ಹೆಗಲಿಗೆ ಹೊಂದುವಂತೆ ಓರೆಯಾಗಿ ಹೊಲಿದಿರುತ್ತಾರೆ. ಅಂಥವು ಹೆಗಲು ಬದಲಿಸಲು ಬಿಡುವುದಿಲ್ಲ. ಎರಡೂ ಕಡೆ ಸಮನಾಗಿ ಕೂರುವ ಚೀಲವನ್ನೇ ತೆಗೆದುಕೊಳ್ಳಿ ಎಂದು ನಾನು ಹೇಳುವುದು ಅದಕ್ಕೇ.

ಬಟ್ಟೆಯ ಮಾತಿಗೆ ಬಂದರೆ ನಮ್ಮ ಮಳೆಯೇ ತೀರ್ಪುಗಾರ. ದಪ್ಪ ಹತ್ತಿಯ ಕ್ಯಾನ್ವಾಸ್ ನೋಡಲು ಚೆಂದ, ತಿಕ್ಕಾಟ ತಡೆಯುತ್ತದೆ, ಯಾವ ದರ್ಜಿ ಬೇಕಾದರೂ ತೇಪೆ ಹಾಕಬಹುದು. ಆದರೆ ನೆನೆದರೆ ಭಾರ, ಒಣಗಲು ದಿನಗಟ್ಟಲೆ ಬೇಕು, ಮಲೆನಾಡಿನ ಜೂನ್–ಜುಲೈಯಲ್ಲಿ ಬೂಷ್ಟು ಹಿಡಿಯುತ್ತದೆ. ಮೇಣ ಸವರಿದ ಕ್ಯಾನ್ವಾಸ್ ತಣ್ಣನೆಯ ದೇಶಗಳಲ್ಲಿ ಬಹಳ ಮೆಚ್ಚಿನದು; ನಮ್ಮ ಏಪ್ರಿಲ್ ಬಿಸಿಲಿಗೆ ಆ ಮೇಣ ಮೆತ್ತಗಾಗಿ ಅಂಗಿಗೆ ಹತ್ತುತ್ತದೆ. ನೈಲಾನ್ ಬೇಗ ಒಣಗುತ್ತದೆ. ಅದರ ಮೇಲೆ 500ಡಿ, 1000ಡಿ ಎಂದು ಬರೆದಿರುವುದು ನೂಲಿನ ದಪ್ಪದ ಅಳತೆ: 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಅಷ್ಟು ಡೆನಿಯರ್. ಸಾವಿರ ಡೆನಿಯರ್ ಒರಟು ಕೆಲಸಕ್ಕೆ, ತೂಕವೂ ಹೆಚ್ಚು. ಐನೂರರದು ನಮ್ಮ ಬೇಕಿಗೆ ಧಾರಾಳ. ಒಳಮೈಗೆ ಹಚ್ಚಿದ ಪಾಲಿಯುರಿಥೇನ್ ಲೇಪ ಸೆಕೆ, ತೇವಗಳಲ್ಲಿ ವರ್ಷಗಳು ಕಳೆದಂತೆ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಆದ್ದರಿಂದ ಲೇಪವೊಂದನ್ನೇ ನೆಚ್ಚಿಕೊಳ್ಳದೆ, ಫೋನು ಕಾಗದಗಳಿಗೆ ಒಳಗೊಂದು ಗಟ್ಟಿ ಜಲನಿರೋಧಕ ಚೀಲ ಇಡುವುದು ಲೇಸು. ಜೋರು ಮಳೆಯಲ್ಲಿ ನೀರು ಬಟ್ಟೆಗಿಂತ ಮೊದಲು ಹೊಲಿಗೆಯ ತೂತುಗಳಿಂದಲೂ ಜಿಪ್ಪಿನಿಂದಲೂ ಒಳಗಿಳಿಯುತ್ತದೆ. ಬಾಯಿ ಮುಚ್ಚುವ ಅಗಲವಾದ ಮಡಿಕೆ ಇರುವ ಚೀಲ ಇದರಲ್ಲಿ ಮೇಲು, ಮತ್ತು ಅದೇ ಹಳೆಯ ಜೋಳಿಗೆಯ ಆಕಾರಕ್ಕೆ ಹತ್ತಿರ.

ಗಟ್ಟಿತನ ನೋಡಬೇಕಾದ್ದು ಬಟ್ಟೆಯಲ್ಲಿ ಕಡಿಮೆ, ಪಟ್ಟಿ ಚೀಲವನ್ನು ಸೇರುವ ಜಾಗದಲ್ಲಿ ಹೆಚ್ಚು. ಚೀಲಗಳು ಹರಿಯುವುದು ಬಹುಪಾಲು ಅಲ್ಲಿಯೇ. ಪಟ್ಟಿಯ ತುದಿಯನ್ನು ಒಳಗೆ ಮಡಚಿ, ಚೌಕ ಹೊಲಿದು ಅದರ ನಡುವೆ ಗುಣಾಕಾರದ ಗುರುತಿನಂತೆ ಮತ್ತೆ ಹೊಲಿದಿದ್ದರೆ ಭಾರ ನಾಲ್ಕೂ ಕಡೆಗೆ ಹಂಚಿಹೋಗುತ್ತದೆ. ಒಂದೇ ಸಾಲಿನ ಹೊಲಿಗೆ ಕಂಡರೆ ಅಲ್ಲಿಯೇ ಇಟ್ಟು ಬನ್ನಿ. ಚೀಲವನ್ನು ಒಳಮಗ್ಗುಲು ಹೊರಗೆ ಮಾಡಿ ನೋಡಲು ಸಂಕೋಚ ಬೇಡ. ಕೊಂಡಿಗಳು ಪ್ಲಾಸ್ಟಿಕ್ಕಿನವಾದರೆ ಒಡೆದಾಗ ಬದಲಿಸಲು ಬರುವಂತಿರಬೇಕು. ಹೊಲಿಗೆಯೊಳಗೆ ಸಿಕ್ಕಿಸಿಬಿಟ್ಟ ಕೊಂಡಿ ಒಡೆದರೆ ಇಡೀ ಚೀಲ ಮೂಲೆಗೆ.

ಬಟ್ಟೆ ಕೊಂಡು ಹೊಲಿಸಿಕೊಳ್ಳುವ ದಾರಿಯೂ ಇನ್ನೂ ಮುಚ್ಚಿಲ್ಲ. ರೆಕ್ಸಿನ್, ಕ್ಯಾನ್ವಾಸ್ ಹೊಲಿಯುವವರು, ಬೈಕಿನ ಸೀಟಿನ ಕವರು ಮಾಡುವವರು ನಮ್ಮ ಬಹುತೇಕ ತಾಲ್ಲೂಕು ಕೇಂದ್ರಗಳಲ್ಲಿ ಸಿಗುತ್ತಾರೆ. ಅವರ ಯಂತ್ರಕ್ಕೆ ದಪ್ಪ ಸೂಜಿ, ನೈಲಾನ್ ದಾರ ಎರಡೂ ಒಗ್ಗುತ್ತವೆ. ನಿಮ್ಮ ಡಬ್ಬಿಯನ್ನೂ ಬಾಟಲಿಯನ್ನೂ ಅವರ ಮುಂದೆ ಇಟ್ಟು ಅಳತೆ ಕೊಡಿ. ಬಾಟಲಿಗೆ ಹೊರಗಡೆ ಒಂದು ಜೇಬು, ತಳಕ್ಕೆ ಎರಡು ಪದರ ಕೇಳಿ. ಹೆಸರು ಹೇಳುವಾಗ ಜೋಳಿಗೆ ಎಂದೇ ಹೇಳಿ. ವಯಸ್ಸಾದ ದರ್ಜಿಯಾದರೆ ಅಡ್ಡಪಟ್ಟಿ ಎಷ್ಟು ಉದ್ದ ಬೇಕೆಂದು ಕೇಳುವ ಮೊದಲೇ ನಿಮ್ಮ ಹೆಗಲಿನಿಂದ ಎದುರು ಸೊಂಟದವರೆಗೆ ಟೇಪು ಹಿಡಿಯುತ್ತಾರೆ.