ಮಿತಾಕ್ಷರೆಯ ಅವರುದ್ಧಸ್ತ್ರೀ

ವಿವಾಹಸಂಸ್ಕಾರವಿಲ್ಲದೆ ಪುರುಷನೊಡನೆ ಬಾಳಿದ ಸ್ತ್ರೀಗೆ ನ್ಯಾಯದಲ್ಲಿ ಹಕ್ಕುಂಟೇ ಎಂಬ ಪ್ರಶ್ನೆಯು ಇತ್ತೀಚಿನದೆಂದು ಹಲವರು ಭಾವಿಸಿರುವರು. ಆದರೆ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳ್ವಿಕೆಯಲ್ಲಿ ಕಲ್ಯಾಣದ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯಲ್ಲಿಯೇ ಅದಕ್ಕೊಂದು ಉತ್ತರವಿದೆ. ಆ ಉತ್ತರವು ಹುಟ್ಟಿದ ಬಗೆಯು ವಿಚಾರಾರ್ಹವಾದುದು.

ಪುತ್ರಹೀನನಾಗಿ ಮೃತನಾದವನ ಧನಕ್ಕೆ ಪತ್ನಿಯೇ ಮೊದಲ ಅಧಿಕಾರಿಣಿಯೆಂದು ಯಾಜ್ಞವಲ್ಕ್ಯನ ಮತ. ನಾರದನಾದರೋ, ವಾರಸುದಾರರಿಲ್ಲದ ಧನವು ಅರಸನಿಗೆ ಸೇರಿದಾಗ ಬ್ರಾಹ್ಮಣನ ಧನವನ್ನುಳಿದು ಮಿಕ್ಕೆಡೆಗಳಲ್ಲಿ ಮೃತನ ಸ್ತ್ರೀಯರಿಗೆ ಅರಸನು ಜೀವನವನ್ನು ಕೊಡಬೇಕೆನ್ನುತ್ತಾನೆ. ಹಾಗಾದರೆ ಪತ್ನಿಗೆ ಅಶನವಸನಗಳು ಮಾತ್ರವೇ ಉಳಿಯುವುವೆ? ಈ ವಿರೋಧವನ್ನು ವಿಜ್ಞಾನೇಶ್ವರನು ಶಬ್ದವಿಚಾರದಿಂದ ಪರಿಹರಿಸಿದನು. ನಾರದನು ಬಳಸಿದುದು ‘ಪತ್ನೀ’ ಶಬ್ದವನ್ನಲ್ಲ, ‘ಸ್ತ್ರೀ’ ಶಬ್ದವನ್ನು; ಆದುದರಿಂದ ಆ ವಚನವು ಅವರುದ್ಧಸ್ತ್ರೀಯರನ್ನು ಕುರಿತದ್ದು ಎಂದು ಆತನ ನಿರ್ಣಯ. ಪತ್ನಿಯ ದಾಯಾಧಿಕಾರವನ್ನು ಕಾಯಲು ಹೊರಟ ವಾದವೇ ಪತ್ನಿಯಲ್ಲದವಳಿಗೆ ಜೀವನಾಂಶವನ್ನು ತಂದುಕೊಟ್ಟಿತು.

ಅವರುದ್ಧೆಯೆಂದರೆ, ಪರಪುರುಷರ ಸಂಪರ್ಕವಿಲ್ಲದಂತೆ ಯಜಮಾನನು ಮನೆಯಲ್ಲಿ ತಡೆದಿರಿಸಿಕೊಂಡ ದಾಸಿ. ಅವಳನ್ನು ಕೂಡಿದ ಪರಪುರುಷನಿಗೆ ೫೦ ಪಣಗಳ ದಂಡವನ್ನು ಸ್ಮೃತಿಯು ವಿಧಿಸಿದೆ. ಪದದಲ್ಲಿಯೇ ಬಂಧನವಿರುವುದನ್ನು ಮರೆಯಲಾಗದು.

ಆಂಗ್ಲರ ಕಾಲದ ನ್ಯಾಯಸ್ಥಾನಗಳು ಈ ಪದದ ವ್ಯಾಪ್ತಿಯನ್ನು ಹಿಗ್ಗಿಸಿದುವು. ಸಂಬಂಧವು ಸ್ಥಿರವೂ ಪ್ರಕಟವೂ ಆಗಿದ್ದರೆ ಸಾಕು, ಅವಳು ಅವನ ಕುಟುಂಬದ ಮನೆಯಲ್ಲಿಯೇ ವಾಸಿಸಿರಬೇಕಾಗಿಲ್ಲವೆಂದು ೧೯೨೬ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ಆ ವ್ಯಾಜ್ಯದಲ್ಲಿ ಮೃತನಿಗೆ ವಿವಾಹಿತ ಪತ್ನಿಯೂ ಇದ್ದಳು. ಅವಳ ಗಂಡನು ಬದುಕಿದ್ದರೂ ಹಕ್ಕು ತಪ್ಪದೆಂದು ೧೯೪೫ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯದ ಪೂರ್ಣಪೀಠವು ಹೇಳಿತು. ಆದರೆ ಹಕ್ಕು ಹುಟ್ಟುತ್ತಿದ್ದುದು ಪುರುಷನ ಮರಣಾನಂತರ, ಅವನ ಆಸ್ತಿಯ ಮೇಲೆ ಮಾತ್ರ. ಅವನು ಬದುಕಿರುವಾಗ ತ್ಯಜಿಸಿದರೆ ಅವಳಿಗೆ ಗತಿಯಿರಲಿಲ್ಲ. ಅವನು ಸತ್ತ ಬಳಿಕವೂ ಅವಳು ಶೀಲವನ್ನು ಕಾಪಾಡಿಕೊಂಡಿರಬೇಕಾಗಿತ್ತು.

೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ ಆಶ್ರಿತರ ಪಟ್ಟಿಯಲ್ಲಿ ಅವರುದ್ಧಸ್ತ್ರೀಗೆ ಸ್ಥಾನ ದೊರೆಯಲಿಲ್ಲ. ೧೯೪೮ರಲ್ಲಿ ಮೃತನಾದವನೊಬ್ಬನ ಆಸ್ತಿಯ ಮೊಕದ್ದಮೆಯಲ್ಲಿ, ಹೊಸ ಕಾಯಿದೆಗೆ ಮುಂಚೆ ಪ್ರಾಪ್ತವಾದ ಹಕ್ಕು ಅಳಿಯದೆಂದು ಸರ್ವೋಚ್ಚ ನ್ಯಾಯಾಲಯವು ೧೯೬೫ರಲ್ಲಿ ತೀರ್ಪಿತ್ತಿತು. ಕಾಯಿದೆಯ ಬಳಿಕ ಪುರುಷನು ಮೃತನಾದಲ್ಲಿ ಆ ಬಾಗಿಲು ಮುಚ್ಚಿತು.

೨೦೦೫ರ ಕೌಟುಂಬಿಕ ಹಿಂಸಾಚಾರ ತಡೆಯ ಕಾಯಿದೆಯು ‘ವಿವಾಹಸದೃಶ ಸಂಬಂಧ’ವನ್ನು ಅಂಗೀಕರಿಸಿ, ಪುರುಷನು ಬದುಕಿರುವಾಗಲೇ ಪರಿಹಾರವನ್ನು ಬೇಡುವ ಅವಕಾಶವನ್ನು ಕಲ್ಪಿಸಿತು. ಮಿತಾಕ್ಷರೆಯ ದೊಡ್ಡ ಕೊರತೆಯೊಂದು ಇದರಿಂದ ತುಂಬಿತು. ಆದರೆ ಇಬ್ಬರೂ ಅವಿವಾಹಿತರಾಗಿ, ವಿವಾಹಕ್ಕೆ ಅರ್ಹರಾಗಿರಬೇಕೆಂದು ೨೦೧೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಬೆಂಗಳೂರಿನ ವ್ಯಾಜ್ಯವೊಂದರಲ್ಲಿ ದೀರ್ಘಕಾಲ ಜೊತೆಯಲ್ಲಿ ಬಾಳಿದ್ದ ಸ್ತ್ರೀಗೆ ಕೆಳಗಿನ ನ್ಯಾಯಾಲಯವು ತಿಂಗಳಿಗೆ ೧೮,೦೦೦ ರೂಪಾಯಿಗಳನ್ನು ವಿಧಿಸಿದ್ದಿತು. ಆತನು ವಿವಾಹಿತನೆಂಬುದು ಅವಳಿಗೆ ತಿಳಿದೇ ಇದ್ದಿತೆಂಬ ಕಾರಣದಿಂದ ೨೦೧೩ರಲ್ಲಿ ಅವಳಿಗೆ ಪರಿಹಾರವು ತಪ್ಪಿತು. ಇಂತಹವರ ವಿಷಯದಲ್ಲಿ ಪಾರ್ಲಿಮೆಂಟು ಆಲೋಚಿಸಬೇಕೆಂದು ಅದೇ ತೀರ್ಪು ಸೂಚಿಸಿದೆ.

ವಿಜ್ಞಾನೇಶ್ವರನ ವ್ಯಾಖ್ಯಾನದಲ್ಲಿ ಅವರುದ್ಧೆಯು ಪತ್ನಿಗೆ ಪ್ರತಿಸ್ಪರ್ಧಿಯಲ್ಲ: ಪತ್ನಿಗೆ ಆಸ್ತಿ, ಇವಳಿಗೆ ಅನ್ನ. ಈಗಿನ ನ್ಯಾಯವು ಪತ್ನಿಯಾಗಬಹುದಾಗಿದ್ದವಳನ್ನು ರಕ್ಷಿಸುತ್ತದೆ. ಪತ್ನಿಯಿರುವವನೊಡನೆ ತಿಳಿದೂ ಬಾಳಿದವಳನ್ನು ಹೊರಗಿಡುತ್ತದೆ. ಮಿತಾಕ್ಷರೆಯು ಜೀವನವನ್ನು ಇತ್ತುದು ಅಂಥವಳಿಗೂ ಎಂಬುದನ್ನು ಈ ಚರಿತ್ರೆಯನ್ನು ಬರೆಯುವವರು ಗಮನಿಸತಕ್ಕದ್ದು.