ಯಾವ ವರ್ಷದ ಚಿತ್ರ, ಯಾರ ಮೊದಲ ಸ್ಥಾನ? ರಾಮನಾಥಪುರದಿಂದ ನೋಡಿದಂತೆ ಚಿತ್ರಾಭಿಮಾನಿಗಳ ಶ್ರೇಣೀಕರಣ

ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ವರ್ಷದಲ್ಲಿ ಎರಡು ಸುಗ್ಗಿ. ಒಂದು ತಂಬಾಕು ಮಂಡಳಿಯ ಮಾರುಕಟ್ಟೆಯಲ್ಲಿ ನಡೆಯುವ ಸೊಪ್ಪಿನ ಹರಾಜು, ಇನ್ನೊಂದು ಮಾರ್ಗಶಿರ ಶುದ್ಧ ಷಷ್ಠಿಯ ಸುಬ್ರಹ್ಮಣ್ಯಸ್ವಾಮಿ ತೇರು ಮತ್ತು ಅದರ ಜೊತೆಗಿನ ಜಾತ್ರೆ. ಹರಾಜು ಅಕ್ಟೋಬರಿನ ಆಸುಪಾಸಿನಲ್ಲಿ ಶುರುವಾಗಿ ಹೊಸ ವರ್ಷಕ್ಕೂ ಚಾಚುತ್ತದೆ. ಜಾತ್ರೆ ನಡುವೆ ಬರುತ್ತದೆ. ಕೈಗೆ ದುಡ್ಡು, ಮೈಗೆ ಬಿಡುವು ಸಿಗುವ ಈ ತಿಂಗಳುಗಳಲ್ಲೇ ಕನ್ನಡದ ಹಲವು ದೊಡ್ಡ ಚಿತ್ರಗಳು ತೆರೆಕಂಡಿವೆ: ‘ಕಾಂತಾರ’ 2022ರ ಸೆಪ್ಟೆಂಬರ್ 30, ‘ಕಾಂತಾರ: ಅಧ್ಯಾಯ 1’ 2025ರ ಅಕ್ಟೋಬರ್ 2, ‘ಕೆಜಿಎಫ್’ ಮೊದಲ ಭಾಗ 2018ರ ಡಿಸೆಂಬರ್ 21, ‘ಕಾಟೇರ’ 2023ರ ಡಿಸೆಂಬರ್ 29. ಸೊಪ್ಪಿನ ಬೇಲ್ ಇಳಿಸಿ ಸರತಿಗೆ ಕಾಯುವವರ ನಡುವೆ, ಹೊಳೆ ದಂಡೆಯ ಚಹಾ ಅಂಗಡಿಯಲ್ಲಿ, “ಈ ವರ್ಸ ಯಾವ್ದಣ್ಣ ನಂಬರ್ ಒನ್ನು?” ಎಂಬ ಮಾತು ಏಳುವುದು ಸಹಜ. ಆ ಪ್ರಶ್ನೆಯನ್ನು ಹಗುರವಾಗಿ ಕಾಣುವ ಅಭ್ಯಾಸ ನಮ್ಮ ಚಿತ್ರ ಅಧ್ಯಯನದಲ್ಲಿದೆ. ಅಭಿಮಾನಿ ಸಂಘಗಳ ಬಗ್ಗೆ, ತಾರೆ ಮತ್ತು ರಾಜಕಾರಣದ ನಂಟಿನ ಬಗ್ಗೆ ಎಂ. ಮಾಧವ ಪ್ರಸಾದ್, ಎಸ್.ವಿ. ಶ್ರೀನಿವಾಸ್ ಮುಂತಾದವರು ಗಂಭೀರವಾಗಿ ಬರೆದಿದ್ದಾರೆ. ಆದರೆ ಅಭಿಮಾನಿ ಒಂದು ಚಿತ್ರದ ಮೇಲೆ ಇನ್ನೊಂದನ್ನು ಇಡುವ ಆ ಕ್ರಿಯೆಯನ್ನೇ ವಿಮರ್ಶೆಯೆಂದು ತೆಗೆದುಕೊಂಡು ನೋಡಿದ್ದು ಕಡಿಮೆ. ಈ ಲೇಖನ ಸಮೀಕ್ಷೆಯಲ್ಲ. ಬಿಡುಗಡೆಯ ದಿನಾಂಕ, ಓಟದ ದಾಖಲೆ, ಮತ ಎಣಿಕೆಯ ಕ್ರಮ ಇವುಗಳನ್ನು ಆಧರಿಸಿ ನಾನು ಕೇಳುವುದು ಇಷ್ಟೆ: ನಾವು ಬಳಸುವ ಅಳತೆಗೋಲುಗಳಲ್ಲಿ ರಾಮನಾಥಪುರದಂಥ ಹೋಬಳಿ ಊರಿನ ನೋಡುಗನ ಮತಕ್ಕೆ ಎಷ್ಟು ತೂಕ?

ಮೊದಲು ‘ವರ್ಷ’ದ ಮಾತು. ವರ್ಷದ ಹತ್ತು ಚಿತ್ರಗಳ ಪಟ್ಟಿ ಸಾಮಾನ್ಯವಾಗಿ ಡಿಸೆಂಬರ್ ನಡುವಿಗೆ ಸಿದ್ಧವಾಗಿಬಿಡುತ್ತದೆ. ಕನ್ನಡಕ್ಕೆ ಈ ಕ್ರಮ ಒಗ್ಗುವುದಿಲ್ಲ. ‘ಮುಂಗಾರು ಮಳೆ’ ಬಂದದ್ದು 2006ರ ಡಿಸೆಂಬರ್ 29ರಂದು, ಆ ವರ್ಷ ಮುಗಿಯಲು ಎರಡೇ ದಿನ ಉಳಿದಿದ್ದಾಗ. ಅದನ್ನು ನಾಡು ನೋಡಿದ್ದು, ಹಾಡಿದ್ದು, ಮತ್ತೆ ಮತ್ತೆ ಹೋಗಿ ಕೂತದ್ದು 2007ರಲ್ಲಿ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಹೆಚ್ಚು ಕಾಲ ನಿಂತ ಚಿತ್ರ ಅದು. ‘ಕಿರಿಕ್ ಪಾರ್ಟಿ’ 2016ರ ಡಿಸೆಂಬರ್ 30ರದು. ದಾಖಲೆಯಲ್ಲಿ ಇವು 2006, 2016ರ ಚಿತ್ರಗಳು. ನೆನಪಿನಲ್ಲಿ 2007, 2017ರವು. ಇಬ್ಬರು ಗೆಳೆಯರು ‘2017ರ ಅತ್ಯುತ್ತಮ’ ಎಂದು ಜಗಳವಾಡುವಾಗ ಒಬ್ಬ ಸೆನ್ಸಾರ್ ಪತ್ರದ ವರ್ಷ ಹಿಡಿದಿರುತ್ತಾನೆ, ಇನ್ನೊಬ್ಬ ತಾನು ಟಿಕೆಟ್ ಕೊಂಡ ವರ್ಷ ಹಿಡಿದಿರುತ್ತಾನೆ. ಇಬ್ಬರೂ ಸರಿ.

ಹಿಂದಿನ ಕಾಲದಲ್ಲಿ ಈ ಅಂತರ ದಿನಗಳದ್ದಾಗಿರಲಿಲ್ಲ, ತಿಂಗಳುಗಳದ್ದಾಗಿತ್ತು. ರೀಲಿನ ಡಬ್ಬ ಬೆಂಗಳೂರಿನ ಗಾಂಧಿನಗರದಿಂದ ಹೊರಟು, ಜಿಲ್ಲಾ ಕೇಂದ್ರದ ಓಟ ಮುಗಿಸಿ, ತಾಲ್ಲೂಕಿಗೆ ಬಂದು, ಕೊನೆಗೆ ಹೋಬಳಿಯ ಟೆಂಟಿಗೆ ತಲುಪುತ್ತಿತ್ತು. ಅಷ್ಟು ಹೊತ್ತಿಗೆ ಪ್ರತಿಯ ಮೈತುಂಬ ಗೀರು, ಹಾಡಿನ ನಡುವೆ ತುಂಡು. ಹಳೇ ಮೈಸೂರಿನ ಟೂರಿಂಗ್ ಟಾಕೀಸುಗಳಲ್ಲಿ ಸಂಜೆ ‘ನಮೋ ವೆಂಕಟೇಶ’ ರೆಕಾರ್ಡು ಕೇಳಿಸಿತೆಂದರೆ ಟಿಕೆಟ್ ಕೊಡಲು ಶುರು ಎಂದು ಅರ್ಥ. ನೆಲ, ಬೆಂಚು, ಕುರ್ಚಿ ಎಂಬ ಮೂರು ದರ್ಜೆಯಲ್ಲಿ ಕೂತು ಜನ ನೋಡುತ್ತಿದ್ದದ್ದು ಪಟ್ಟಣ ಆಗಲೇ ನೋಡಿ ಮುಗಿಸಿದ ಚಿತ್ರವನ್ನು. ಅವರಿಗೆ ‘ಈ ವರ್ಷದ ಚಿತ್ರ’ವೆಂದರೆ ಈ ವರ್ಷ ತಮ್ಮೂರಿಗೆ ಬಂದ ಚಿತ್ರ. ಡಿಜಿಟಲ್ ಪ್ರದರ್ಶನ ಬಂದು ಈ ಕಾಯುವಿಕೆಯನ್ನು ಅಳಿಸಿತು. ಇಂದು ಹಾಸನದ ಪರದೆಗೂ ಬೆಂಗಳೂರಿನ ಪರದೆಗೂ ಒಂದೇ ಶುಕ್ರವಾರ. ಆದರೂ ರಾಮನಾಥಪುರದವನು ಚಿತ್ರಮಂದಿರಕ್ಕೆಂದು ಅರಕಲಗೂಡಿಗೋ ಹಾಸನಕ್ಕೋ ಬಸ್ಸು ಹತ್ತಬೇಕು, ಮಲ್ಟಿಪ್ಲೆಕ್ಸ್ ಬೇಕೆಂದರೆ ಮೈಸೂರಿನ ತನಕ ಹೋಗಬೇಕಾಗಬಹುದು. ಹೋಗಿಬರುವ ಖರ್ಚು ಹೊಂದಿಸಿಕೊಂಡು ನೋಡಿದ ಚಿತ್ರವನ್ನು ಅವನು ಸುಲಭವಾಗಿ ಕೆಳಗಿಳಿಸುವುದಿಲ್ಲ, ಮೋಸ ಹೋದೆನೆನ್ನಿಸಿದರೆ ಸುಲಭವಾಗಿ ಕ್ಷಮಿಸುವುದೂ ಇಲ್ಲ.

ಇನ್ನು ಅಳತೆಯ ಮಾತು. ಕನ್ನಡ ಅಭಿಮಾನಿಯ ಹಳೆಯ ಅಳತೆ ದಿನ. 50 ದಿನ, 100 ದಿನ, 25 ವಾರ; ಪತ್ರಿಕೆಯ ಜಾಹೀರಾತಿನಲ್ಲಿ ಕೇಂದ್ರಗಳ ಹೆಸರು; ಶತದಿನೋತ್ಸವದ ಕಟೌಟು, ಹೂವಿನ ಹಾರ. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ವರ್ಷ ದಾಟಿ ಓಡಿದ್ದು ಇವತ್ತಿಗೂ ಆ ಅಳತೆಯ ತುದಿಯೆಂದೇ ಉಳಿದಿದೆ. ಹಳ್ಳಿಗೆ ಮರಳಿ ಬೇಸಾಯಕ್ಕಿಳಿಯುವ ರಾಜೀವಪ್ಪನ ಕಥೆ ನಗರದ ಪರದೆಯಲ್ಲಿ ಅಷ್ಟು ದಿನ ನಿಲ್ಲಬೇಕಾದರೆ ಅದೇ ಜನ ಮತ್ತೆ ಮತ್ತೆ ಬಂದಿರಬೇಕು. “ಎಷ್ಟು ಸಲ ನೋಡಿದೆ?” ಎಂಬುದೇ ಆ ತಲೆಮಾರಿನ ಮತಪತ್ರ. ದಿನದ ಲೆಕ್ಕದ ಗುಣ ಇದು: ಅದು ಬರೀ ತಲೆ ಎಣಿಸುವುದಿಲ್ಲ, ಮರಳಿ ಬಂದವರನ್ನೂ ಎಣಿಸುತ್ತದೆ. ದೋಷವೂ ಸ್ಪಷ್ಟ. ಬೆಳಗಿನ ಒಂದೇ ಆಟವನ್ನು ಹಿಡಿದುಕೊಂಡು ನೂರು ದಿನ ತುಂಬಿಸುವುದುಂಟು. ಅದಕ್ಕಿಂತ ದೊಡ್ಡ ಕೊರತೆಯೆಂದರೆ ‘ಕೇಂದ್ರ’ ಅನ್ನಿಸಿಕೊಂಡ ಊರುಗಳ ಓಟ ಮಾತ್ರ ಜಾಹೀರಾತಿಗೆ ಏರುತ್ತಿತ್ತು. ಟೆಂಟಿನಲ್ಲಿ ಒಂದು ಚಿತ್ರ ವಾರ ನಿಂತರೆ ಅದೇ ಆ ಊರಿನ ನೂರು ದಿನ. ಆದರೆ ಆ ವಾರ ಯಾವ ಲೆಕ್ಕಕ್ಕೂ ಸೇರಲಿಲ್ಲ.

ಎರಡನೆಯ ಅಳತೆ ಕೋಟಿ. ‘ಕೆಜಿಎಫ್: ಅಧ್ಯಾಯ 2’ 2022ರ ಏಪ್ರಿಲ್ 14ರಂದು ಬಂದ ಮೇಲೆ ಅಭಿಮಾನಿಗಳ ಮಾತಿನಲ್ಲಿ ದಿನದ ಜಾಗಕ್ಕೆ ಗಳಿಕೆ ಬಂದು ಕೂತಿತು. ಈ ಅಂಕಿಗಳು ನಿರ್ಮಾಪಕರಿಂದ, ವ್ಯಾಪಾರ ವಿಶ್ಲೇಷಕರಿಂದ ಬರುವಂಥವು. ಲೆಕ್ಕಪರಿಶೋಧನೆಯಾಗಿ ಸಾರ್ವಜನಿಕರ ಮುಂದೆ ಬಂದವಲ್ಲ. ಅದನ್ನು ಪಕ್ಕಕ್ಕಿಟ್ಟು, ಅಂಕಿ ನಿಜವೆಂದೇ ಒಪ್ಪಿದರೂ ಅಡಚಣೆ ತಪ್ಪುವುದಿಲ್ಲ. ತಾಲ್ಲೂಕಿನ ಚಿತ್ರಮಂದಿರದಲ್ಲಿ ಟಿಕೆಟ್ಟಿಗೆ 100 ರೂಪಾಯಿ, ನಗರದ ಮಲ್ಟಿಪ್ಲೆಕ್ಸಿನಲ್ಲಿ 400 ಎಂದು ಇಟ್ಟುಕೊಳ್ಳೋಣ. ಗಳಿಕೆಯೇ ಶ್ರೇಣಿಯಾದರೆ ನಗರದ ಒಬ್ಬ ನೋಡುಗ ಅರಕಲಗೂಡಿನ ನಾಲ್ವರಿಗೆ ಸಮ. ಅರಕಲಗೂಡಿನವನು ಅದೇ ಚಿತ್ರವನ್ನು ಮೂರು ಸಲ ನೋಡಿದರೂ ಒಂದು ಸಲ ನೋಡಿದ ನಗರದವನಿಗೆ ಸಾಟಿಯಾಗುವುದಿಲ್ಲ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ತೆರಿಗೆ ಬಿಟ್ಟು 200 ರೂಪಾಯಿಗೆ ಟಿಕೆಟ್ ದರದ ಮಿತಿ ಹಾಕಿದಾಗ, ಅದೇ ತಿಂಗಳು ಹೈಕೋರ್ಟು ಅದಕ್ಕೆ ಮಧ್ಯಂತರ ತಡೆ ಕೊಟ್ಟಾಗ, ಚರ್ಚೆಯೆಲ್ಲ ಜೇಬಿನ ಸುತ್ತ ನಡೆಯಿತು. ಅಭಿಮಾನಿಯ ಮತದ ತೂಕವೂ ಆ ದರದಲ್ಲೇ ಅಡಗಿದೆ ಎಂಬುದನ್ನು ಯಾರೂ ಎತ್ತಲಿಲ್ಲ. ಎತ್ತಬೇಕಿತ್ತು.

ಮೂರನೆಯದು ಹತ್ತಕ್ಕೆ ಇಷ್ಟು ಎಂಬ ಅಂಕ. 1990ರಲ್ಲಿ ಕೋಲ್ ನೀಡಮ್ ಎಂಬ ಆಂಗ್ಲ ಚಿತ್ರಪ್ರೇಮಿ ಶುರುಮಾಡಿದ ಐಎಂಡಿಬಿ ಎಂಬ ಆನ್‌ಲೈನ್ ಚಿತ್ರಕೋಶದಲ್ಲಿ ಯಾರು ಬೇಕಾದರೂ 1ರಿಂದ 10ರವರೆಗೆ ಅಂಕ ಕೊಡಬಹುದು. ಒಬ್ಬನಿಗೆ ಒಂದು ಮತ. ಟಿಕೆಟ್ ದರದ ಗೊಡವೆಯಿಲ್ಲ. ಆದರೆ ಅಭಿಮಾನದ ಕಾವಿನಲ್ಲಿ ಜನ ಕೊಡುವುದು ಬಹುಮಟ್ಟಿಗೆ 10, ಇಲ್ಲವೇ 1. ನಡುವಿನ ಅಂಕಗಳಿಗೆ ಗಿರಾಕಿ ಕಡಿಮೆ. ಅದನ್ನು ತೂಗಿಸಲೆಂದು ಆ ಸಂಸ್ಥೆ ಸರಾಸರಿಯನ್ನು ಹಾಗೆಯೇ ಬಳಸದೆ ತೂಕ ಹಾಕಿ ತೆಗೆಯುತ್ತದೆ. ಅದರ 250 ಶ್ರೇಷ್ಠ ಚಿತ್ರಗಳ ಪಟ್ಟಿಗೆ ಕನಿಷ್ಠ 25,000 ಮತ ಬೇಕು. ಚಿಕ್ಕ ಊರುಗಳಲ್ಲಿ ಬಾಯಿಂದ ಬಾಯಿಗೆ ಹರಡುವ ಚಿತ್ರಕ್ಕೆ ಆ ಹೊಸ್ತಿಲು ದಾಟುವುದು ಕಷ್ಟ. 2022ರ ಜನಪ್ರಿಯ ಭಾರತೀಯ ಚಿತ್ರಗಳ ಐಎಂಡಿಬಿ ಹತ್ತರಲ್ಲಿ ‘ಕೆಜಿಎಫ್ 2’, ‘ಕಾಂತಾರ’, ‘777 ಚಾರ್ಲಿ’ ಮೂರೂ ಇದ್ದವು. ಕನ್ನಡಿಗರು ಅದನ್ನು ಸಂಭ್ರಮಿಸಿದ್ದು ಸರಿಯೇ. ಆದರೆ ಆ ಹತ್ತು ಇಷ್ಟದ ಪಟ್ಟಿಯಾಗಿರಲಿಲ್ಲ. ಯಾವ ಚಿತ್ರದ ಪುಟಕ್ಕೆ ಎಷ್ಟು ಜನ ಬಂದರು ಎಂಬುದರ ಪಟ್ಟಿಯಾಗಿತ್ತು.

ಇಷ್ಟವನ್ನೇ ಎಣಿಸಿದರೆ? ಇದೇ ಮೂರು ಚಿತ್ರಗಳನ್ನಿಟ್ಟು ಚಹಾ ಅಂಗಡಿಯ ಒಂದು ಕಾಲ್ಪನಿಕ ಬೆಂಚು ಕಟ್ಟೋಣ. ಐವರು ಗೆಳೆಯರು. ಮೂವರು ‘ಕೆಜಿಎಫ್ 2’ ಮೊದಲು, ‘ಚಾರ್ಲಿ’ ಎರಡು, ‘ಕಾಂತಾರ’ ಮೂರು ಎನ್ನುತ್ತಾರೆ. ಉಳಿದಿಬ್ಬರು ‘ಚಾರ್ಲಿ’ ಮೊದಲು, ‘ಕಾಂತಾರ’ ಎರಡು, ‘ಕೆಜಿಎಫ್ 2’ ಕೊನೆ ಎನ್ನುತ್ತಾರೆ. ಮೊದಲ ಸ್ಥಾನದ ಮತಗಳನ್ನಷ್ಟೇ ಎಣಿಸಿದರೆ ‘ಕೆಜಿಎಫ್ 2’ ಮೂರಕ್ಕೆ ಎರಡರಿಂದ ಗೆದ್ದಿತು. ಫ್ರಾನ್ಸಿನ ಬೋರ್ಡಾ 1770ರಲ್ಲಿ ತನ್ನ ದೇಶದ ವಿಜ್ಞಾನ ಅಕಾಡೆಮಿಯ ಮುಂದಿಟ್ಟ ಕ್ರಮದಂತೆ ಮೊದಲಿಗೆ 2, ಎರಡನೆಯದಕ್ಕೆ 1, ಕೊನೆಗೆ 0 ಕೊಟ್ಟು ಕೂಡಿದರೆ ‘ಕೆಜಿಎಫ್ 2’ಕ್ಕೆ 6, ‘ಚಾರ್ಲಿ’ಗೆ 7, ‘ಕಾಂತಾರ’ಕ್ಕೆ 2. ಗೆದ್ದದ್ದು ‘ಚಾರ್ಲಿ’. ಯಾರ ಅಭಿರುಚಿಯೂ ಬದಲಾಗಲಿಲ್ಲ, ಎಣಿಸಿದ ರೀತಿ ಬದಲಾಯಿತು. ಬಹುಮತ ಮೆಚ್ಚಿದ ಚಿತ್ರ ಒಂದು, ಯಾರೂ ತಳ್ಳದ ಚಿತ್ರ ಇನ್ನೊಂದು. ಬೆಂಚಿನ ಮೇಲಿನ ಜಗಳಗಳಲ್ಲಿ ಹೆಚ್ಚಿನವು ಈ ಎರಡನ್ನು ಒಂದೆಂದು ತಿಳಿದದ್ದರಿಂದ ಬೆಳೆದವು ಎಂಬುದು ನನ್ನ ಅಭಿಪ್ರಾಯ.

ಯಾವ ಎಣಿಕೆಗೂ ಸಿಗದ ಚಿತ್ರಗಳೂ ಇವೆ. ‘ಲವ್ ಮಾಕ್‌ಟೈಲ್’ 2020ರ ಜನವರಿ 31ಕ್ಕೆ, ‘ದಿಯಾ’ ಫೆಬ್ರುವರಿ 7ಕ್ಕೆ ಬಂದವು. ಮಾರ್ಚ್ ನಡುವಿಗೆ ಚಿತ್ರಮಂದಿರಗಳ ಬಾಗಿಲು ಮುಚ್ಚಿತು. ದಿನದ ಲೆಕ್ಕದಲ್ಲಿ ‘ದಿಯಾ’ ಏನೂ ಅಲ್ಲ. ಲಾಕ್‌ಡೌನಿನ ರಾತ್ರಿಗಳಲ್ಲಿ ಮೊಬೈಲಿನಲ್ಲಿ ನೋಡಿ ಅತ್ತವರ ಲೆಕ್ಕದಲ್ಲಿ ಅದು ಆ ವರ್ಷದ ಮೊದಲ ಸಾಲಿನದು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡರು. 2022ರ ಮಾರ್ಚ್ 17, ಅವರ ಹುಟ್ಟುಹಬ್ಬದ ದಿನ ‘ಜೇಮ್ಸ್’ ಬಂತು, ಅಕ್ಟೋಬರಿನಲ್ಲಿ ‘ಗಂಧದ ಗುಡಿ’. ಇವಕ್ಕೆ ಸ್ಥಾನ ಕೊಡಿ ಎಂದರೆ “ಅಪ್ಪು ಪಿಚ್ಚರ್‌ಗೆ ಮಾರ್ಕ್ಸ್ ಹಾಕಕ್ಕಾಯ್ತದಾ?” ಎಂದು ತಿರುಗಿ ಕೇಳುವವರೇ ಹೆಚ್ಚು. ಪಟ್ಟಿಗೆ ಸೇರಿಸದಿರುವುದೂ ಒಂದು ತೀರ್ಪು. ಕೆಲವೊಮ್ಮೆ ಎಲ್ಲಕ್ಕಿಂತ ಎತ್ತರದ ತೀರ್ಪು.

ವಿಮರ್ಶಕರ ಪಟ್ಟಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2022ರಲ್ಲಿ ಅಂತರರಾಷ್ಟ್ರೀಯ ಚಿತ್ರ ವಿಮರ್ಶಕರ ಒಕ್ಕೂಟವಾದ ಫಿಪ್ರೆಸ್ಕಿಯ ಭಾರತೀಯ ವಿಭಾಗ ಸಾರ್ವಕಾಲಿಕ ಶ್ರೇಷ್ಠ ಭಾರತೀಯ ಚಿತ್ರಗಳಿಗಾಗಿ ನಡೆಸಿದ ಮತದಾನದಲ್ಲಿ ‘ಘಟಶ್ರಾದ್ಧ’ ಐದನೆಯ ಸ್ಥಾನ ಪಡೆಯಿತು. ಅದು ಹೆಮ್ಮೆಯ ಮಾತು. ಈ ಸೀಮೆಯ ಹಿರಿಯರ ಪಟ್ಟಿಯಲ್ಲಿ ಮಾತ್ರ ಬೇರೊಂದು ಅಳತೆ ಕೆಲಸ ಮಾಡುತ್ತದೆ: ಕಥೆ ನಮ್ಮ ಕಡೆಯದೇ? ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯಿಂದ ಸಿದ್ಧಲಿಂಗಯ್ಯ ತೆಗೆದ ‘ಭೂತಯ್ಯನ ಮಗ ಅಯ್ಯು’ (1974), ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರ ಕಾದಂಬರಿಯಿಂದ ಬಂದ ‘ವಂಶವೃಕ್ಷ’, ಅರಕಲಗೂಡಿನ ಮನೆತನದ ಅನಕೃ ಅವರ ‘ಸಂಧ್ಯಾರಾಗ’. ಇವುಗಳ ಮಾತು ಬಂದರೆ ಸ್ಥಾನದ ಚರ್ಚೆ ನಿಂತು ಊರಿನ ಚರ್ಚೆ ಶುರುವಾಗುತ್ತದೆ. ಭೂತಯ್ಯನಂಥ ಲೇವಾದೇವಿಯವನು ಯಾವ ಊರಲ್ಲಿ ಇರಲಿಲ್ಲ?

ಈ ಲೇಖನದ ವಾದ ಇಲ್ಲಿಗೆ ಬಂದು ನಿಲ್ಲುತ್ತದೆ. ಸ್ಥಾನದ ಸಂಖ್ಯೆ ಒಂಟಿಯಾಗಿ ನಿಂತಾಗ ಅದರಿಂದ ತಿಳಿಯುವುದು ಅಲ್ಪ. ಎಲ್ಲಿ ನೋಡಿದಿರಿ, ಯಾವ ತಿಂಗಳು, ಯಾರ ಜೊತೆ, ಎಷ್ಟು ಸಲ, ಟಿಕೆಟ್ಟಿಗೆ ಎಷ್ಟು ಕೊಟ್ಟಿರಿ ಎಂಬ ಐದು ಉತ್ತರಗಳು ಪಕ್ಕದಲ್ಲಿದ್ದರೆ ಅದೇ ಪಟ್ಟಿ ಒಂದು ಊರಿನ ಚಿತ್ರ ಚರಿತ್ರೆಯಾಗುತ್ತದೆ. ಟೆಂಟಿನ ನೆಲದ ಮೇಲೆ ಕೂತು ನೋಡಿದವರಿಗೆ ಈಗ ವಯಸ್ಸಾಗಿದೆ. ಕನ್ನಡ ಅಧ್ಯಯನ ವಿಭಾಗಗಳ ವಿದ್ಯಾರ್ಥಿಗಳು, ಹೋಬಳಿ ಊರುಗಳ ಶಿಕ್ಷಕರು ಬರುವ ಷಷ್ಠಿಯ ಬಿಡುವಿನಲ್ಲಿ ತಮ್ಮ ಮನೆಯ ಹಿರಿಯರಿಂದಲೇ ಶುರುಮಾಡಿ ಇಂಥ ಪಟ್ಟಿಗಳನ್ನು ಬರೆದುಕೊಳ್ಳಬೇಕೆಂದು, ಒಂದು ಪ್ರತಿಯನ್ನು ಊರಿನ ಗ್ರಂಥಾಲಯದಲ್ಲಿ ಇಡಬೇಕೆಂದು ಕೇಳಿಕೊಳ್ಳುತ್ತೇನೆ.