ಕರಿಗಲ್ಲಿನ ಸೀಮೆಗೆ ಕಲ್ಲಿದ್ದಲ ನೆರೆ

ವಿಜಯಪುರದ ಸ್ಟೇಷನ್ ರಸ್ತೆಯಾಚೆಯ ಹಳಿಗಳ ಮೇಲೆ ಕಲ್ಲಿದ್ದಲು ತುಂಬಿದ ಗೂಡ್ಸ್ ಗಾಡಿಗಳು ಕೂಡಗಿಯ 2,400 ಮೆಗಾವಾಟ್ ಸ್ಥಾವರದತ್ತ ಸಾಗುತ್ತವೆ. ಸರಕೆಲ್ಲ ಹೊರಗಿನದೇ. ಕೋಲಾರದಲ್ಲಿ ಚಿನ್ನ ಕೊಟ್ಟ ಕನ್ನಡ ನೆಲ ಕಲ್ಲಿದ್ದಲಿನ ವಿಷಯದಲ್ಲಿ ಮಾತ್ರ ಜಿಪುಣ!

ವಿಜಯಪುರದ ಎರೆಮಣ್ಣಿನಡಿಯ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಕಲ್ಲಿದ್ದಲು ಹುಟ್ಟಲು ಬೇಕಾದುದು ಲಾವಾ ಅಲ್ಲ, ಜೌಗು ಕಾಡು. ಕನ್ನಡ ನಾಡಿಗೆ ಹತ್ತಿರದಲ್ಲಿ ಅಂಥದ್ದಿದ್ದುದು ಗೋದಾವರಿ ಕಣಿವೆಯಲ್ಲಿ. 25 ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿ ಕೆಸರಿನಲ್ಲಿ ಹುದುಗಿದ ಗಿಡಮರಗಳು ಮೇಲಿನ ಹೂಳಿನ ಭಾರಕ್ಕೆ, ಒಳಗಿನ ಕಾವಿಗೆ ಸಿಕ್ಕು ಕಲ್ಲಿದ್ದಲಾದವು.

1871ರಲ್ಲಿ ಭೂವಿಜ್ಞಾನಿ ವಿಲಿಯಂ ಕಿಂಗ್ ನಿಜಾಮರ ಸಂಸ್ಥಾನದ ಯೆಲ್ಲಂದು ಬಳಿ ಅದನ್ನು ಗುರುತಿಸಿದರು. 1886ರಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿ ಗಣಿ ಹಕ್ಕು ಪಡೆಯಿತು. ಸಮೀಪದ ಸಿಂಗರೇಣಿ ಗ್ರಾಮದ ಹೆಸರೇ 1920ರಲ್ಲಿ ಕಂಪನಿಯ ಹೆಸರೂ ಆಯಿತು.

ಆಗ ರಾಯಚೂರು ಕೂಡ ಅದೇ ಸಂಸ್ಥಾನದಲ್ಲಿತ್ತು. 1956ರ ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಗಣಿಗಳು ಆಂಧ್ರದಲ್ಲುಳಿದವು. 2014ರಿಂದ ಅವು ತೆಲಂಗಾಣದವು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದಾಗ, ಒಂದು ಕಾಲಕ್ಕೆ ಒಂದೇ ಸರ್ಕಾರದ ಆಳ್ವಿಕೆಯಲ್ಲಿದ್ದ ಕಲ್ಲಿದ್ದಲನ್ನು ಪಕ್ಕದ ರಾಜ್ಯದಿಂದ ಕೊಳ್ಳಬೇಕಾಯಿತು. ಇಂದಿಗೂ ಮಳೆಗಾಲದಲ್ಲಿ ಸಿಂಗರೇಣಿಯ ತೆರೆದ ಗಣಿಗಳಿಗೆ ನೀರು ನುಗ್ಗಿತೆಂದರೆ, ಶಕ್ತಿನಗರದಲ್ಲಿ ಉಳಿದ ದಾಸ್ತಾನು ಎಷ್ಟು ದಿನಕ್ಕೆಂಬ ಲೆಕ್ಕ ಶುರುವಾಗುತ್ತದೆ.